ತಕ್ಕಡಿ ಅಜೀಮನ ಸುಳ್ಳು

ತನ್ನ ತಕ್ಕಡಿಯ ವೈರಿನ ತುದಿಯನ್ನು ಬಾಯಿಯ ಹತ್ತಿರ ಹಿಡಿದು ಉಫ್ ಉಫ್ ಎಂದು ಊದುತ್ತಿದ್ದ ಹುಡುಗಿಯನ್ನು ಕಂಡು ಅಜೀಮನಿಗೆ ಮೊದಲು ಬಂದದ್ದು ಸಿಟ್ಟು. ಸಿಟ್ಟಿನ ಬೆನ್ನಿಗೇ ಇನ್ನೇನೋ ಬಂತು. ಅದಕ್ಕೆ ಹೆಸರಿಡಲು ಆಗ ಅವನಿಗೆ ಪುರಸೊತ್ತಿರಲಿಲ್ಲ.

“ಊದಬ್ಯಾಡ್ರಿ! ಅದೇನು ಒಲಿ ಅಲ್ಲ.”

ಹುಡುಗಿ ತಲೆಯೆತ್ತಿದಳು. ಮೂಗಿನ ಮೇಲೆ ಜಾರಿದ ಕನ್ನಡಕ, ಅದರ ಮೇಲಿಂದ ನೋಡುವ ಎರಡು ದೊಡ್ಡ ಕಣ್ಣು. “ಇದರಾಗ ಇಬ್ಬನಿ ಹೊಕ್ಕೈತ್ರಿ. ನಿಮ್ಮ ತಕ್ಕಡಿ ಒಂದ ತೂಕಾನ ಮತ್ತ ಮತ್ತ ಕಳಸಾಕ ಹತ್ತೈತಿ.”

“ನಮ್ಮ ತಕ್ಕಡಿ ಒಂದು ಮಾತು ಒಂದ ಸಲ ಹೇಳ್ತೈತಿ. ಅದನ್ನ ಹತ್ತು ಸಲ ಬರ್ಕೊಳ್ಳೋದು ನಿಮ್ಮ ಪ್ರೋಗ್ರಾಂ.”

“ನನ್ನ ಪ್ರೋಗ್ರಾಮಿಗೆ ಏನೂ ಆಗಿಲ್ಲ. ಮನ್ಯಾಗ ನೂರು ಸಲ ನೋಡೀನಿ.”

“ಮನ್ಯಾಗ ಎಲ್ಲಾರೂ ಶ್ಯಾಣ್ಯಾರೇ ಇರ್ತಾರ ಬಿಡ್ರಿ.”

ಹುಡುಗಿಯ ಕಣ್ಣು ಕಿರಿದಾದವು. ಇವನನ್ನು ಹೇಗೆ ಅಳೆಯಬೇಕೆಂದು ನೋಡುವವಳಂತೆ ಒಮ್ಮೆ ಕಾಲಿನಿಂದ ತಲೆಯವರೆಗೆ ನೋಡಿ, ವೈರನ್ನು ಅವನ ಅಂಗೈಗಿಟ್ಟು ನಡೆದಳು.

ಇದು ನಡೆದದ್ದು ಹಿರೇಹಡಗಲಿಯ ಹೂವಿನ ಸಂಘದ ಶೆಡ್ಡಿನಲ್ಲಿ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟಿಕೊಂಡು ಹೆಂಗಸರು ಸಾಲಾಗಿ ನಿಂತಿದ್ದರು. ಮೊಗ್ಗು ಬಾಯಿ ಬಿಡುವುದರೊಳಗೆ ತೂಗಿ ದಾವಣಗೆರೆ ಬಸ್ಸಿಗೆ ಹಾಕಬೇಕು. ತಗಡಿನ ಆ ಶೆಡ್ಡಿನೊಳಗೆ ಕಾಲಿಟ್ಟರೆ ಸಾಕು, ಘಮಕ್ಕೆ ಎಂಥವನೂ ಒಂದು ಗಳಿಗೆ ಮಾತು ಮರೆಯಬೇಕು. ಅಜೀಮ ಎಷ್ಟು ಸಲ ಬಂದಿದ್ದನೋ, ಪ್ರತಿಸಲವೂ ಮರೆಯುತ್ತಿದ್ದ.

ಅಜೀಮ ಕೊಟ್ಟೂರಿನ ತಕ್ಕಡಿ ಮುರ್ತುಜಾಸಾಬರ ಮಗ. ತಕ್ಕಡಿ ಮಾರುವುದು, ದುರಸ್ತಿ ಮಾಡುವುದು ಅವರ ಮನೆತನದ ಕೆಲಸ. ಹುಡುಗಿ ಹಂಪಸಾಗರದ ಮುಬೀನಾ. ಡಿಪ್ಲೊಮಾ ಮುಗಿಸಿ ಸಂಘಕ್ಕಾಗಿ ತಾನೇ ಕೂತು ಒಂದು ಪ್ರೋಗ್ರಾಂ ಬರೆದಿದ್ದಳು. ಅವಳ ಕೈಯ ಮೊದಲ ಕೆಲಸ. ಹೂವು ತಕ್ಕಡಿಯ ಮೇಲೆ ಕುಳಿತರೆ ಸಾಕು, ತೂಕ ವೈರಿನಲ್ಲಿ ಹರಿದು ಕಂಪ್ಯೂಟರಿನಲ್ಲಿ ತಂದವರ ಹೆಸರಿಗೆ ಸೇರುತ್ತಿತ್ತು. ಕೊನೆಗೆ ಎಲ್ಲರಿಗೂ ತೂಕದ ಚೀಟಿ.

ಆ ಚೀಟಿಗಳೇ ಜಗಳ ಹಚ್ಚಿದ್ದವು. ತೂಗುವಾಗ ತಕ್ಕಡಿಯ ಮುಖದ ಮೇಲೆ ಅಂಕಿ ಸರಿಯಾಗಿಯೇ ಇರುತ್ತಿತ್ತು. ಚೀಟಿ ಬಂದಾಗ ನೋಡಿದರೆ ಮೊದಲು ಬಂದವಳ ಹೆಸರಿಗೆ ಊರ ಹೂವೆಲ್ಲ ಬಿದ್ದಿರುತ್ತಿತ್ತು! ಎರಡನೆಯವಳಿಗೆ ಅದಕ್ಕಿಂತ ತುಸು ಕಡಿಮೆ, ಮೂರನೆಯವಳಿಗೆ ಇನ್ನೂ ಕಡಿಮೆ. ಕಟ್ಟಕಡೆಯವಳದು ಮಾತ್ರ ಗ್ರಾಮಿಗೆ ಗ್ರಾಂ ಸರಿ. ಹೊತ್ತೇರಿದಂತೆ ಇಬ್ಬನಿ ಆರುತ್ತದೆ, ತಪ್ಪೂ ಆರುತ್ತದೆ ಎಂದು ಮುಬೀನಾಳ ವಾದ. ಕೇಳಿದರೆ ಯಾರಾದರೂ ಹೌದೆನ್ನಬೇಕು.

ಸಂಘದ ಅಧ್ಯಕ್ಷ ಮರುಳಪ್ಪ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡ. “ನಾಳಿ ಮುಂಜಾನಿ ತನಕ ಟೈಮ್ ಐತಿ. ತಪ್ಪು ತಕ್ಕಡೀದಾದ್ರ ತಕ್ಕಡಿ ಹೋಗ್ಲಿ, ಕಂಪ್ಯೂಟರಿಂದಾದ್ರ ಕಂಪ್ಯೂಟರ್ ಹೋಗ್ಲಿ. ದಿನಾ ಈ ಹೆಣ್ಮಕ್ಕಳ ಜಗಳ ಬಿಡಸಾಕ ನನ್ನ ಕೈಲಾಗಂಗಿಲ್ಲ.”

ಅಜೀಮನಿಗೆ ಕೊಟ್ಟೂರಿನ ಅಂಗಡಿ ಕಣ್ಣ ಮುಂದೆ ಬಂತು. ಒಂದು ಶೆಡ್ಡಿನಿಂದ ತಕ್ಕಡಿ ವಾಪಸು ಬಂದರೆ ಸುತ್ತಿನ ಊರುಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ತಕ್ಕಡಿಯವನ ಹತ್ತಿರ ಇರುವುದೇ ಒಂದು ಹೆಸರು. ಅದು ಹೋದರೆ ಅಂಗಡಿಯ ಬಾಗಿಲು ತೆರೆದೂ ಉಪಯೋಗವಿಲ್ಲ.

ಹೂವು ಬಸ್ಸು ಹತ್ತಿದ ಮೇಲೆ ಶೆಡ್ಡಿನಲ್ಲಿ ಅವರಿಬ್ಬರೇ ಉಳಿದರು. ಬಾಗಿಲಲ್ಲಿ, ದಿನಾ ಹೂವು ತೂಗುವ ಕಲ್ಯಾಣಮ್ಮ ಉದುರಿದ ಮೊಗ್ಗು ಆರಿಸುತ್ತ ಕುಳಿತಿದ್ದಳು.

ಅಜೀಮ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಹಿತ್ತಾಳೆಯ ತೂಕಗಳನ್ನು ಒಂದೊಂದಾಗಿ ತಕ್ಕಡಿಯ ಮೇಲಿಟ್ಟ. ಮುಬೀನಾ ಕಂಪ್ಯೂಟರಿನಲ್ಲಿ ತೂಕದ ವಿಂಡೋ ತೆರೆದು, ಅದರಲ್ಲೇ ಒಂದಾದ ಮೇಲೊಂದು ಹೆಸರು ಹಾಕುತ್ತ ಹೋದಳು. ಎಲ್ಲ ಸರಿ. ವೈರಿನ ತುದಿಗೆ ಬೇಕೆಂತಲೇ ನೀರು ಚಿಮುಕಿಸಿದರು. ಆಗಲೂ ಸರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಬರ್ರಿ ಇಲ್ಲಿ,” ಅಂದಳು ಅವಳು. “ಒಳಗ ಏನು ನಡೀತೈತಿ ತೋರಸ್ತೀನಿ.”

ಅವನು ಸ್ಟೂಲು ಎಳೆದು ಕುಳಿತ. ನಡುವೆ ಒಂದು ಗೇಣು ಜಾಗ ಬಿಟ್ಟಿದ್ದ. ಅದು ಗೇಣೇ ಇರಲೆಂದು ಉಸಿರು ಬಿಗಿ ಹಿಡಿದಿದ್ದ. ಪರದೆಯ ತುಂಬ ಇಂಗ್ಲಿಷ್ ಸಾಲುಗಳು. ಒಂದು ಸಾಲಿನ ಪಕ್ಕ ಅವಳೊಂದು ಕೆಂಪು ಚುಕ್ಕೆಯಿಟ್ಟು, “ಈಗ ತೂಕ ಇಡ್ರಿ,” ಎಂದಳು. ಇಟ್ಟ. ಓಡುತ್ತಿದ್ದ ಪ್ರೋಗ್ರಾಂ ಆ ಚುಕ್ಕೆಯ ಹತ್ತಿರ ಬಂದು ಗಕ್ಕನೆ ನಿಂತಿತು. ಅವಳು ಬೆರಳೊತ್ತಿದಳು, ಒಂದು ಸಾಲು ಮುಂದೆ ಹೋಯಿತು. ಮತ್ತೆ ಒತ್ತಿದಳು, ಇನ್ನೊಂದು ಸಾಲು.

“ನಡ್ಯಾಕ ಹತ್ತಿದ್ದನ್ನ ಹಂಗ ನಿಂದ್ರಸಿಬಿಟ್ರಲ್ರೀ!”

“ಹೂಂ. ನಿಂದ್ರಿಸಿ, ಕೈಯಾಗ ಏನು ಹಿಡ್ಕೊಂಡೈತಿ ಅಂತ ನೋಡಬೌದು. ಇಲ್ಲಿ ಎಲ್ಲಾ ಒಂದೊಂದು ಆಬ್ಜೆಕ್ಟ್ ರೀ, ಗೊಂಬಿ ಇದ್ದಂಗ. ಹೂವು ತರೋರದು ಒಂದು, ಈ ವಿಂಡೋದು ಒಂದು. ನಿಮ್ಮ ತಕ್ಕಡೀದೂ ಐತಿ ನೋಡ್ರಿ, ಇಲ್ಲಿ.”

“ನಮ್ಮ ತಕ್ಕಡಿ? ಇದರೊಳಗ?”

“ನಾನೇ ಮಾಡೀನಿ. ತೂಕ ಬಂತಂದ್ರ ಕೂಗಿ ಹೇಳ್ತೈತಿ. ಯಾರಿಗೆ ಕೇಳಬೇಕೋ ಅವರು ಮೊದಲ ಹೆಸರು ಕೊಟ್ಟಿರಬೇಕು ಅಷ್ಟ.”

ಅಜೀಮ ಬೆರಗಾಗಿ ನೋಡಿದ. ಕಬ್ಬಿಣ ಮುಟ್ಟಿ ಬೆಳೆದವನು ಅವನು, ಮುಟ್ಟಲಾಗದ್ದನ್ನು ಯಾರಾದರೂ ಹೀಗೆ ಕಟ್ಟಿ ನಿಲ್ಲಿಸಬಲ್ಲರೆಂದು ಅವನಿಗೆ ಗೊತ್ತಿರಲಿಲ್ಲ. ಪರದೆಯ ಬೆಳಕು ಅವಳ ಕನ್ನಡಕದಲ್ಲಿ ಸಣ್ಣಗೆ ಮಿನುಗುತ್ತಿತ್ತು. ತಾನು ಪರದೆ ನೋಡುವುದನ್ನು ಬಿಟ್ಟು ಬಹಳ ಹೊತ್ತಾಗಿದೆ ಎಂದು ಅವನಿಗೆ ತಡವಾಗಿ ಹೊಳೆಯಿತು.

“ಅದರೊಳಗ ನಾನೂ ಅದೀನೇನ್ರಿ?”

“ನಿಮ್ಮಂಥಾರನ್ನ ಬರಿಯಾಕ ನನಗ ಬರಂಗಿಲ್ಲ,” ಎಂದು ಅವಳು ತುಟಿ ಕಚ್ಚಿ ನಗು ತಡೆದಳು. ಪೂರ್ತಿ ತಡೆಯಲಾಗಲಿಲ್ಲ.

ಆಮೇಲೆ ಅವಳ ಸರದಿ. ಕಲ್ಯಾಣಮ್ಮ ಆರಿಸಿದ ಮೊಗ್ಗನ್ನು ಒಂದು ಬೊಗಸೆ ತಂದು ಅವನ ಅಂಗೈಗೆ ಸುರಿದು, “ಎಷ್ಟೈತಿ ಹೇಳ್ರಿ ನೋಡೋಣು,” ಎಂದಳು. ಅವನು ಕಣ್ಣು ಮುಚ್ಚಿ, ಕೈ ತುಸು ಮೇಲೆ ಕೆಳಗೆ ಮಾಡಿ ಹೇಳಿದ. ತಕ್ಕಡಿಯ ಮೇಲಿಟ್ಟಾಗ ಅದೇ ಅಂಕಿ. ಮುಬೀನಾ ಅವನ ಕೈಯನ್ನೇ ನೋಡುತ್ತ ನಿಂತಳು. ತನ್ನ ಕೈ ಇಷ್ಟು ಚೆಂದವಿದ್ದೀತೆಂದು ಅಜೀಮ ಈವರೆಗೆ ಎಣಿಸಿರಲಿಲ್ಲ.

ತಪ್ಪು ಮಾತ್ರ ಸಿಗಲಿಲ್ಲ. ಅಂದು ಬೈಕಿನಲ್ಲಿ ಕೊಟ್ಟೂರಿಗೆ ಮರಳುವಾಗ, ಆ ತಪ್ಪು ತನ್ನದೇ ಆಗಿದ್ದರೆ ಚೆನ್ನಾಗಿತ್ತು ಎಂಬ ಹುಚ್ಚು ಆಸೆಯೊಂದು ಅವನಿಗೆ ಬಂತು. ಮನೆಯಲ್ಲಿ ಹೇಳಿದ್ದರೆ ಅಬ್ಬಾ ಮಂತ್ರಿಸಿದ ನೀರು ತರಿಸುತ್ತಿದ್ದರು.

ಮರುದಿನ ಮುಂಜಾನೆ ಅದೇ ಸಾಲು, ಅದೇ ಘಮ. ಎಂದಿನಂತೆ ಎಲ್ಲರೂ ಹೊರಗೆ ನಿಂತರು. ಕಲ್ಯಾಣಮ್ಮ ತೂಗುವಾಗ ಹೂವು ತಂದವರೊಬ್ಬರನ್ನು ಬಿಟ್ಟು ಮೇಜಿನ ಹತ್ತಿರ ಯಾರೂ ಹೋಗುವಂತಿಲ್ಲ, ಅದು ಶೆಡ್ಡಿನ ರೂಢಿ. ತೂಕ ಮುಗಿಯಿತು, ಚೀಟಿ ಬಂದವು. ಮೊದಲನೆಯ ಚೀಟಿ ನೋಡಿ ಮರುಳಪ್ಪ ಹಣೆ ಚಚ್ಚಿಕೊಂಡ. ಮತ್ತೆ ಊರ ಹೂವೆಲ್ಲ ಒಬ್ಬಳ ಹೆಸರಿಗೆ!

“ಏನಂತೀಯವ್ವಾ?” ಎಂದು ಅವನು ಮುಬೀನಾಳ ಕಡೆ ತಿರುಗಿದ.

ಅವಳ ಮುಖ ಸಣ್ಣಗಾಗಿತ್ತು. ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ಒರೆಸತೊಡಗಿದಳು, ಒರೆಸಿದ್ದನ್ನೇ ಒರೆಸಿದಳು. ಅಜೀಮನಿಂದ ನೋಡಲಾಗಲಿಲ್ಲ.

“ತಪ್ಪು ನಮ್ಮ ತಕ್ಕಡೀದು,” ಎಂದುಬಿಟ್ಟ.

ಮರುಳಪ್ಪ ಅವನ ಕಡೆ ತಿರುಗಿದ.

“ಒಳಗ ಒಂದು ಪಾರ್ಟು ಹೋಗೈತಿ ಮರುಳಪ್ಪಣ್ಣಾರ. ನಿನ್ನೇನ ಗೊತ್ತಾತು. ಬಿಚ್ಚಿಕೊಂಡು ಹೋಗ್ತೀನಿ.”

“ಮುರ್ತುಜಾಸಾಬರ ತಕ್ಕಡಿ ಹಿಂಗ ಮಾಡ್ತಂದ್ರ ಇನ್ನ ಯಾರನ್ನ ನಂಬೋದಪ್ಪಾ,” ಎಂದು ಯಾರೋ ಅಂದರು. ಅಜೀಮ ತಲೆ ತಗ್ಗಿಸಿ ತಿರುಪುಳಿಯಿಂದ ತಕ್ಕಡಿಯ ತಿರುಪುಮೊಳೆ ಬಿಚ್ಚತೊಡಗಿದ. ಮರುಳಪ್ಪ ಮಂದಿಯನ್ನು ಕರೆದುಕೊಂಡು ಚಹಾಕ್ಕೆ ಹೊರಗೆ ನಡೆದ.

ತಿರುಪುಳಿಯ ಮೇಲೆ ಒಂದು ಕೈ ಬಂದು ಕುಳಿತಿತು. ಬಳೆ ಗಲ್ಲೆಂದವು.

“ತಕ್ಕಡಿ ಮುಟ್ಟಬ್ಯಾಡ್ರಿ.” ಮುಬೀನಾಳ ಧ್ವನಿಯಲ್ಲಿ ಸಿಟ್ಟಿತ್ತು. “ಯಾವ ಪಾರ್ಟು ಹೋಗೈತಿ? ತೋರಸ್ರಿ.”

ಅಜೀಮ ಬಿಚ್ಚಿದ ಮೊಳೆಯನ್ನು ಬೆರಳಲ್ಲಿ ಉರುಳಿಸಿದ.

“ತಕ್ಕಡಿಯವರಾಗಿ ಸುಳ್ಳು ಹೇಳ್ತೀರಿ! ನಾಳಿ ನೀವು ಇನ್ನೊಂದು ತಕ್ಕಡಿ ಇಡ್ತೀರಿ, ಅದೂ ಹಿಂಗ ಮಾಡ್ತೈತಿ. ನನ್ನ ತಪ್ಪು ನನ್ನ ಪ್ರೋಗ್ರಾಮಿನಾಗ ಆರಾಮ ಕುಂತಿರ್ತೈತಿ. ನನಗ ಬೇಕಾಗಿದ್ದು ಇದೇನ್ರಿ?”

“ನಿಮ್ಮ ಮಾರಿ ಹಂಗಾಗಿದ್ದು ನೋಡಿ...”

“ನನ್ನ ಮಾರಿ ನಾ ನೋಡ್ಕೊಂತೀನಿ.” ಅವಳು ಗರ್ರನೆ ತಿರುಗಿದಳು. “ಕಲ್ಯಾಣಕ್ಕಾರ, ಇಲ್ಲೇ ಬರ್ರಿ. ದಿನಾ ಹೆಂಗ ತೂಗ್ತೀರೋ ಹಂಗ ತೂಗ್ರಿ. ನಾ ಬಾಜೂಕ ಕುಂದರ್ತೀನಿ.”

ಕಲ್ಯಾಣಮ್ಮ ಹಿಂದೆ ಮುಂದೆ ನೋಡಿದಳು. ಆಮೇಲೆ, “ನೀ ಏನು ಹೂವು ತರಾಕಿ ಅಲ್ಲಲ್ಲ, ಕುಂದರವ್ವ,” ಎಂದಳು.

ಕಲ್ಯಾಣಮ್ಮ ಹಿತ್ತಾಳೆಯ ತೂಕವಿಟ್ಟು ಒಂದು ಹೆಸರು ಹಾಕಿದಳು. ತೂಕ ಬಂತು. ಪರದೆಯ ಮೂಲೆಯ ಗುರುತು ಒತ್ತಿ ವಿಂಡೋ ಮುಚ್ಚಿದಳು. ಹೊಸದಾಗಿ ತೆರೆದಳು. ಇನ್ನೊಂದು ಹೆಸರು, ಇನ್ನೊಂದು ತೂಕ, ಮತ್ತೆ ಮುಚ್ಚಿದಳು.

“ಅಕ್ಕಾರ, ಪ್ರತಿಸಲ ಯಾಕ ಮುಚ್ತೀರಿ?”

“ಮುಚ್ಚದಿದ್ರ ಹೆಂಗವ್ವ? ಒಬ್ಬರ ಹೂವಿನ ತೂಕ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ದೃಷ್ಟಿ ಆಗ್ತೈತಿ, ಗಿಡ ಮೊಗ್ಗು ಬಿಡಂಗಿಲ್ಲ. ಮೊದಲು ಕೈ ತಕ್ಕಡಿ ಇದ್ದಾಗ ಸೆರಗು ಮರಿ ಮಾಡಿ ತೂಗ್ತಿದ್ದೆ. ಈಗ ಇದನ್ನ ಮುಚ್ತೀನಿ.”

ಮುಬೀನಾ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ನಂತರ ಕೆಂಪು ಚುಕ್ಕೆಯಿಟ್ಟು ಪ್ರೋಗ್ರಾಮನ್ನು ನಿಲ್ಲಿಸಿ, ತಕ್ಕಡಿಯ ಆಬ್ಜೆಕ್ಟನ್ನು ತೆರೆದು ನೋಡಿದಳು. ಅವಳ ಕೈ ತಾನಾಗಿ ಹೋಗಿ ಅಜೀಮನ ತೋಳು ಹಿಡಿಯಿತು. ಹಿಡಿದದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಮಾತ್ರ ಗೊತ್ತಾಯಿತು.

“ಎಲ್ಲಾ ಇಲ್ಲೇ ಅದಾವ್ರಿ,” ಎಂದು ಪಿಸುಗುಟ್ಟಿದಳು. “ಮುಂಜಾನಿಂದ ಮುಚ್ಚಿದ ವಿಂಡೋ ಎಲ್ಲಾ. ಒಂದೂ ಹೋಗಿಲ್ಲ.”

“ಮುಚ್ಚಿದ್ರಲ್ಲ?”

“ಕಣ್ಣಿಗಷ್ಟ ಮುಚ್ಚ್ಯಾವು. ತೆರಿಯೋವಾಗ ಪ್ರತಿಯೊಂದೂ ತಕ್ಕಡಿಗೆ ಹೆಸರು ಕೊಟ್ಟೈತಿ, ತೂಕ ಬಂದ್ರ ನನಗೂ ಹೇಳು ಅಂತ. ಮುಚ್ಚೋವಾಗ ‘ಸಾಕು, ಇನ್ನ ಹೇಳಬ್ಯಾಡ’ ಅನ್ನೋದನ್ನ ನಾ ಬರೆದೇ ಇಲ್ಲ. ತಕ್ಕಡಿ ಹೆಸರು ಹಿಡ್ಕೊಂಡೈತಿ, ಅದಕ್ಕ ಅವು ಸಾಯವಲ್ವು. ಯಾರ ಹೂವು ಬಂದ್ರೂ ಎಲ್ಲಾವೂ ಕೇಳಿಸ್ಕೊಂಡು ತಂತಮ್ಮ ಹೆಸರಿಗೆ ಬರ್ಕೊಳ್ಳಾಕ ಹತ್ಯಾವು. ಮೊದಲನೇದು ಎಲ್ಲಾರದೂ ಕೇಳೈತಿ. ಕಡೇದು ತನ್ನದೊಂದ ಕೇಳೈತಿ.”

“ನೀವು ಮನ್ಯಾಗ ನೋಡಿದಾಗ?”

“ನನಗ್ಯಾರ ದೃಷ್ಟಿ ಆಗಬೇಕಿತ್ರಿ? ಒಂದ ವಿಂಡೋ ತೆಗೆದಿಟ್ಟು ನೋಡ್ತಿದ್ದೆ.”

ಇಬ್ಬರೂ ಪರದೆಯನ್ನೇ ನೋಡಿದರು. ಯಾರ ಕಣ್ಣಿಗೂ ಕಾಣದೆ, ಯಾರೂ ಕರೆಯದೆ, ಮುಂಜಾನೆಯಿಂದ ಅಷ್ಟೊಂದು ಕಿವಿಗಳು ಕಾದು ಕುಳಿತಿದ್ದವು. ಅಜೀಮನ ಮೈ ಜುಮ್ಮೆಂದಿತು. ಮಸೀದಿಯಲ್ಲಿ ಮೊದಲ ಸಲ ದೊಡ್ಡವರ ಸಾಲಿನಲ್ಲಿ ನಿಂತ ದಿನ ಹೀಗಾಗಿತ್ತು.

ಅವಳು ಬರೆದದ್ದು ಒಂದೇ ಸಾಲು. ಕಲ್ಯಾಣಮ್ಮ ತೆರೆದು, ತೂಗಿ, ಮುಚ್ಚಿ, ಮತ್ತೆ ತೆರೆದು ನೋಡಿದಳು. ಚೀಟಿಗಳೆಲ್ಲ ಗ್ರಾಮಿಗೆ ಗ್ರಾಂ ಸರಿ.

ಮುಬೀನಾ ಹೊರಗೆ ಹೋಗಿ ಎಲ್ಲರನ್ನೂ ಕರೆದಳು. ಚಹಾದ ಲೋಟ ಹಿಡಿದೇ ಬಂದವರ ಎದುರು ನೆಟ್ಟಗೆ ನಿಂತು, “ತಪ್ಪು ನಂದು. ತಕ್ಕಡಿಗೆ ಏನೂ ಆಗಿಲ್ಲ. ನಾನು ಬರಿಯೋದರಾಗ ಒಂದು ಸಾಲು ಬಿಟ್ಟಿದ್ದೆ, ಈಗ ಬರದೀನಿ. ನಾಳಿ ಒಂದು ದಿನ ನೋಡ್ರಿ, ಸರಿ ಇರದಿದ್ರ ಕಂಪ್ಯೂಟರ್ ನಾನೇ ಎತ್ತಿಕೊಂಡು ಹೋಗ್ತೀನಿ,” ಎಂದಳು.

ಮರುಳಪ್ಪನಿಗೆ ಅವಳ ಮಾತು ಹಿಡಿಸಿತು, ತಲೆಯಾಡಿಸಿದ. ಆದರೆ ಅವನ ಕಣ್ಣು ನೇರ ಅಜೀಮನ ಮೇಲೆ ಬಿತ್ತು. “ಹಂಗಾದ್ರ ನೀ ಯಾಕ ತಕ್ಕಡೀದ ತಪ್ಪು ಅಂದಿ? ಇಷ್ಟು ಮಂದಿ ಮುಂದ ಸುಳ್ಳು ಹೇಳಿದೀ? ನೀ ಒಂದು ಸುಳ್ಳು ಹೇಳ್ತೀ ಅಂದ್ರ ನಿನ್ನ ತಕ್ಕಡಿ ಮ್ಯಾಲ ನಾವು ಹೂವು ಹೆಂಗ ಇಡಬೇಕೋ ಅಜೀಮ?”

ಎಲ್ಲರೂ ಅವನನ್ನೇ ನೋಡಿದರು. ಪಾರಾಗಲು ಬೇಕಾದಷ್ಟು ಮಾತುಗಳಿದ್ದವು. ಗೊತ್ತಾಗದೆ ಅಂದೆ ಅನ್ನಬಹುದಿತ್ತು. ಆದರೆ ಅದು ಎರಡನೆಯ ಸುಳ್ಳಾಗುತ್ತಿತ್ತು. ಒಂದರ ಭಾರವನ್ನೇ ಅವನಿಂದ ಹೊರಲಾಗುತ್ತಿರಲಿಲ್ಲ.

“ತಕ್ಕಡಿ ಸುಳ್ಳು ಹೇಳಿಲ್ಲ ಅಣ್ಣಾರ, ನಾ ಹೇಳೀನಿ. ಇವರ ಮ್ಯಾಲ ನನಗ ಮನಸಾಗೈತಿ. ಎಲ್ಲಾರ ಮುಂದ ಇವರು ತಲಿ ತಗ್ಗಸೋದು ನೋಡಾಕ ಆಗಲಿಲ್ಲ. ನಮ್ಮ ತಲಿ ಹೋದ್ರ ಹೋಗ್ಲಿ ಅಂದ್ಕೊಂಡೆ. ಇದರಾಗ ನಮ್ಮ ಅಬ್ಬಾಂದು ಏನೂ ತಪ್ಪಿಲ್ಲ.”

ಕಲ್ಯಾಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದಳು. ಮರುಳಪ್ಪ ಮೀಸೆಯಡಿಯ ನಗುವನ್ನು ಚಹಾದಲ್ಲಿ ಮುಳುಗಿಸಿ, “ಇಂಥಾದ್ದನ್ನೂ ಮುಚ್ಚಿಡದ ಹೇಳ್ತಾನಂದ ಮ್ಯಾಲ ತಕ್ಕಡಿ ಇರ್ಲಿ ಬಿಡ್ರಪ್ಪಾ. ಕಂಪ್ಯೂಟರೂ ಇರ್ಲಿ,” ಎಂದ.

ಮುಬೀನಾ ಯಾರ ಮುಖವನ್ನೂ ನೋಡಲಿಲ್ಲ. ಕಿವಿಯ ತುದಿಯವರೆಗೆ ಕೆಂಪಾಗಿ, ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದೇಬಿಟ್ಟಳು. ಅಜೀಮ ಮೊಳೆಗಳನ್ನು ಮತ್ತೆ ಬಿಗಿಯುತ್ತ ಕುಳಿತ. ಇದ್ದ ಹೆಸರು ಉಳಿಯಿತು, ಉಳಿದದ್ದೆಲ್ಲ ಹೋಯಿತು ಎಂದುಕೊಂಡ.

ಬಾಗಿಲಲ್ಲಿ ನೆರಳು ಬಿತ್ತು. ಅವಳು ಮರಳಿ ಬಂದಿದ್ದಳು. ಏದುಸಿರು, ಜಾರಿದ ಕನ್ನಡಕ, ಅದರ ಮೇಲಿಂದ ಅವನನ್ನು ನೋಡುವ ಅದೇ ಕಣ್ಣು. ಆದರೆ ಈಗ ಅವು ಅಳೆಯುತ್ತಿರಲಿಲ್ಲ.

“ಶುಕ್ರವಾರ ನಮಾಜು ಮುಗಿಸಿ ನಮ್ಮ ಅಬ್ಬಾ ಮನ್ಯಾಗ ಇರ್ತಾರ,” ಎಂದಳು.

ಅಜೀಮನ ಕೈಯಿಂದ ತಿರುಪುಳಿ ಜಾರಿತು. “ನಾ... ನಾ ಬರ್ಲೇನ್ರಿ?”

“ನೀವಲ್ಲ. ನಿಮ್ಮ ಅಮ್ಮೀನ ಕಳಸ್ರಿ.”

“ನಮ್ಮ ಅಮ್ಮಿ ಹಮೀದಾ ಬೀ ಅಂದ್ರ ಬಾಳ ಕಡಕ್ ರೀ. ಏನಂತ ಹೇಳಿ ಕಳಸ್ಲಿ?”

“ಇಷ್ಟು ಮಂದಿ ಮುಂದ ಏನು ಹೇಳಿದ್ರೋ ಅದನ್ನ ಹೇಳ್ರಿ,” ಎಂದು ದುಪಟ್ಟಾ ಸರಿಮಾಡಿಕೊಂಡಳು. “ನಮ್ಮ ಮನ್ಯಾಗ ಕೇಳಿದ್ರ ನಾನೂ ಅದನ್ನ ಹೇಳ್ತೀನಿ.”