ಹನ್ನೆರಡನೇ ಸೈಜಿನ ಬೂಟು

"ಬೂಟಿನಿಂದ ಕೈ ತೆಗೀರಿ!"

ಮೆರಿನ್ ವ್ಯಾನಿನ ಬಾಗಿಲನ್ನು ಒಮ್ಮೆಲೇ ಸರಿಸಿ ಕೂಗಿದಳು. ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಗಂಡಸು ಬೆಚ್ಚಿಬಿದ್ದ. ಅವನ ಬಲಗೈ ಇನ್ನೂ ಬೂಟಿನೊಳಗೇ ಇತ್ತು!

"ಜೇಡ... ಒಳಗೆ ಜೇಡ ಸೇರಿಕೊಂಡಿದೆಯೇನೋ ಅಂತ..." ಅವನು ತಡವರಿಸಿದ. "ಕೆಂಪು ಬೆನ್ನಿಂದು. ಕಚ್ಚಿದ್ರೆ ಕಷ್ಟ ನೋಡಿ."

"ಕಂಡೋರ ಬೂಟನ್ನೆಲ್ಲ ಹೀಗೆ ತಡಕಾಡ್ತೀರೋ, ಇಲ್ಲ ನಮ್ದು ಮಾತ್ರಾನೋ?"

ಅವನ ಕಿವಿ ಕೆಂಪಾಯಿತು. "ಯಜಮಾನ್ರು ಇದ್ದಾರಾ? ಒಂದ್ ಮಾತಿತ್ತು."

"ಮಲಗಿದ್ದಾರೆ. ಅವರು ಎದ್ದು ಬಂದ್ರೆ ನಿಮಗೇ ಒಳ್ಳೇದಲ್ಲ!"

ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಒಳಗೆ ಮೆರಿನ್ ಬಾಗಿಲಿಗೆ ಬೆನ್ನೊತ್ತಿ ನಿಂತಳು. ಮಲಗಿದ್ದಾರಂತೆ! ಆ ಪುಟ್ಟ ಹಾಸಿಗೆಯ ಮೇಲೆ ಮಲಗಿದ್ದದ್ದು ಅವಳ ಗಿಟಾರ್ ಒಂದೇ.

ಗಂಡನೂ ಇಲ್ಲ, ಗಂಡನ ನೆರಳೂ ಇಲ್ಲ. ಇದ್ದದ್ದು ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಹನ್ನೆರಡನೇ ಸೈಜಿನ ಒಂದು ಜೊತೆ ಬೂಟು. ಒಂಟಿ ಹೆಂಗಸು ವ್ಯಾನಿನಲ್ಲೇ ಬದುಕುವುದಾದರೆ ಹೊರಗೆ ಎರಡು ಕುರ್ಚಿ ಹಾಕಬೇಕು, ಮೆಟ್ಟಿಲ ಬಳಿ ಗಂಡಸಿನ ದೊಡ್ಡ ಬೂಟು ಇಡಬೇಕು. ಆಮೇಲೆ ಯಾರೂ ಹತ್ತಿರ ಸುಳಿಯುವುದಿಲ್ಲ. ಈ ಉಪಾಯ ಹೇಳಿಕೊಟ್ಟವಳು ಇದೇ ದಾರಿಯಲ್ಲಿ ಜೊತೆಗೆ ಸಾಗುತ್ತಿದ್ದ ಬೆವ್. ಎಪ್ಪತ್ತರ ಹರೆಯ, ಹನ್ನೊಂದು ವರ್ಷದಿಂದ ಕ್ಯಾರವಾನಿನಲ್ಲೇ ಸಂಸಾರ.

ಮೆರಿನ್ ಪರದೆಯ ಸಂದಿಯಿಂದ ಇಣುಕಿದಳು. ಅವನು ಪಕ್ಕದಲ್ಲೇ ನಿಂತಿದ್ದ ತನ್ನ ನೀಲಿ ವ್ಯಾನಿನ ನೆರಳಲ್ಲಿ ಕೂತು ಪುಟ್ಟ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ.

'ಇಷ್ಟು ಹೊತ್ತು ನಾನು ಹಾಡ್ತಿದ್ದೆ... ಇವನು ಬರ್ಕೊಳ್ತಿದ್ದಾನೆ!'

ಅವಳು ಪರದೆಯನ್ನು ಸರಕ್ಕನೆ ಎಳೆದಳು.

ಎರಡು ವರ್ಷದ ಹಿಂದೆ ಟ್ರೆಂಟ್ ಎಂಬುವನೂ ಹೀಗೇ ಪಕ್ಕದಲ್ಲಿ ಕೂತು ಬರೆದುಕೊಂಡಿದ್ದ. ಪ್ರೀತಿಯಿಂದ ಅಂದುಕೊಂಡಿದ್ದಳು, ಹುಚ್ಚಿ! ಅದೇ ಹಾಡನ್ನು ಕೂರಾಬಿನ್ ಊರಿನ ಸಂಗೀತ ಹಬ್ಬದಲ್ಲಿ ತನ್ನದೆಂದು ಹಾಡಿ ಬಹುಮಾನ ಹೊಡೆದುಕೊಂಡು ಹೋದ. ಕೆಳಗೆ ಜನರ ಮಧ್ಯೆ ನಿಂತು ಇವಳೂ ಚಪ್ಪಾಳೆ ತಟ್ಟಬೇಕಾಯಿತು.

ಇಲ್ಲಿ ಬಿರುಬೇಸಿಗೆಯಾದ ಈ ಜನವರಿಯಲ್ಲಿ ಅದೇ ಕೂರಾಬಿನ್‌ಗೆ ಹೊರಟಿದ್ದಾಳೆ. ಶನಿವಾರ ಮೂರು ಗಂಟೆಗೆ, ಯಾರು ಬೇಕಾದರೂ ಹತ್ತಬಹುದಾದ ವೇದಿಕೆಯಲ್ಲಿ ಒಂದೇ ಒಂದು ಹಾಡು. ಇನ್ನೂ ಯಾರ ಮುಂದೆಯೂ ಹಾಡದ, ಅವಳದೇ ಹೊಸ ಹಾಡು. ಯಾವ ದಿನ ಯಾವ ಊರಲ್ಲಿ ತಂಗುವುದು, ನೀರು ಎಲ್ಲಿ ತುಂಬಿಸುವುದು, ಎಲ್ಲವನ್ನೂ ನಕ್ಷೆಯ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಅದರಲ್ಲಿ ಈ ನೀಲಿ ವ್ಯಾನಿಗೆ ಜಾಗವಿರಲಿಲ್ಲ.

ಆದರೆ ಮರುದಿನ ಮುಂದಿನ ಊರಿನ ಮೈದಾನದಲ್ಲಿ ಮತ್ತೆ ಅದೇ ನೀಲಿ ವ್ಯಾನು! ದಾರಿಯಲ್ಲಿ ಅವಳನ್ನು ಹಿಂದೆ ಹಾಕುವಾಗ ಎಲ್ಲರಂತೆ ಸ್ಟೇರಿಂಗಿನ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರವನ್ನೂ ಹೇಳಿದ್ದ. ಮೆರಿನ್ ಬೆರಳೆತ್ತಲಿಲ್ಲ. ಈ ರಸ್ತೆಗಳಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

"ಅವನು ನನ್ನ ಹಿಂದೆ ಬಿದ್ದಿದ್ದಾನೆ ಬೆವ್!"

"ಲೇ ಹುಡುಗಿ, ಕೂರಾಬಿನ್‌ಗೆ ಇರೋದೇ ಒಂದು ಟಾರು ರೋಡು. ಹಬ್ಬಕ್ಕೆ ಹೋಗೋರೆಲ್ಲ ಇಲ್ಲೇ ನಿಲ್ಲೋದು. ಹಂಗಂದ್ರೆ ನಾನೂ ನಿನ್ನ ಹಿಂದೆ ಬಿದ್ದಿದ್ದೀನಾ?"

"ನೀವು ಬರ್ಕೊಳ್ಳಲ್ವಲ್ಲ!"

ಸಂಜೆ ನಾಲ್ಕೂವರೆಗೆ ಎಲ್ಲರೂ ತಂತಮ್ಮ ಕುರ್ಚಿ, ತಂತಮ್ಮ ಬಿಯರು ಹಿಡಿದು ಮರದಡಿ ದುಂಡಗೆ ಕೂತರು. ಅವನೂ ಬಂದ. ಹೆಸರು ಕ್ಲೆಮ್ ಅಂತೆ. ಸುಟ್ಟ ಸಾಸೇಜನ್ನು ಬ್ರೆಡ್ಡಿನಲ್ಲಿ ಸುತ್ತಿ, ಮೊದಲು ಬೆವ್‌ಗೆ ಕೊಟ್ಟು, ಆಮೇಲೆ ಮೆರಿನ್‌ಗೆ ನೀಡಿದ. ಉದ್ದನೆಯ, ನಿಧಾನದ ಬೆರಳುಗಳು. ಉಗುರಿನ ಅಂಚಿನಲ್ಲಿ ಒಣಗಿದ ಅಂಟು.

'ಕಳ್ಳನ ಬೆರಳು ಎಷ್ಟು ಚೆನ್ನಾಗಿದ್ರೆ ನನಗೇನು!' ಎಂದು ಅವಳು ತನ್ನ ಮನಸ್ಸನ್ನೇ ಗದರಿದಳು.

"ಯಜಮಾನ್ರು ಬರ್ಲಿಲ್ವಾ?" ಅವನು ಮೆಲ್ಲಗೆ ಕೇಳಿದ.

"ಬೆನ್ನು ನೋವು."

ಬೆವ್‌ಗೆ ಬಿಯರು ನೆತ್ತಿಗೇರಿ ಕೆಮ್ಮು ಬಂತು.

"ಪಾಪ... ಅವರು ಏನೂ ಹೇಳ್ಲಿಲ್ವಾ? ನಿಮ್ಮ ಗಿಟಾರ್ ವಿಷಯ—"

"ನನ್ನ ಗಿಟಾರ್ ವಿಷಯ ನಿಮಗ್ಯಾಕ್ರೀ?" ಮೆರಿನ್ ಧಡಕ್ಕನೆ ಎದ್ದಳು. "ಕದ್ದು ಕೇಳ್ತೀರಾ? ಕೇಳಿ ಬರ್ಕೊಳ್ತೀರಾ?"

"ಇಲ್ಲ ಕಣ್ರೀ, ನಾನು..."

ಅವಳು ಕುರ್ಚಿ ಮಡಚಿಕೊಂಡು ಹೊರಟೇಬಿಟ್ಟಳು. ಸ್ವಲ್ಪ ಹೊತ್ತಿಗೆ ಬೆವ್ ಬಂದು ಕಿವಿಯಲ್ಲಿ ಉಸುರಿದಳು:

"ನೀನು ಸ್ನಾನಕ್ಕೆ ಹೋದಾಗ ಮತ್ತೆ ಬಂದಿದ್ದ ಕಣೇ. ನಿನ್ನ ಬೂಟಿನ ಮುಂದೆ ಮಂಡಿಯೂರಿ ಕೂತಿದ್ದ. ನನ್ನ ಗಂಡನೂ ನನ್ನ ಮುಂದೆ ಹಾಗೆ ಕೂತಿರಲಿಲ್ಲ!"

ಮತ್ತೆ ಜೇಡವೇ? ಮೆರಿನ್‌ಗೆ ಮೈ ಜುಮ್ಮೆಂದಿತು. ಜೇಡವೆಂದರೆ ಅವಳಿಗೆ ಮೊದಲೇ ಪ್ರಾಣಭಯ. ಅವನು ಹೆಸರೆತ್ತಿದಂದಿನಿಂದ ಆ ಬೂಟನ್ನು ಲಾಡಿ ಹಿಡಿದೇ ಎತ್ತಿಡುತ್ತಿದ್ದಳು.

ಬೆಳಕು ಹರಿಯುವ ಮೊದಲೇ ಅವಳು ಹೊರಟಳು. ಟಾರು ರೋಡು ಬಿಟ್ಟು ಸುತ್ತುದಾರಿ ಹಿಡಿದಳು. ನಲವತ್ಮೂರು ಡಿಗ್ರಿ ಬಿಸಿಲು, ಇನ್ನೂರು ಕಿಲೋಮೀಟರು ಅಲೆ ಅಲೆಯಾದ ಮಣ್ಣು ರಸ್ತೆ. ತಟ್ಟೆ, ಲೋಟ, ಹಲ್ಲು, ಎಲ್ಲವೂ ಅದುರಿದವು. ಹಾಸಿಗೆಯ ಮೇಲಿದ್ದ ಗಿಟಾರೂ ಅದುರಿತು. ಆದರೇನು, ಹಿಂದೆ ನೀಲಿ ವ್ಯಾನಿರಲಿಲ್ಲ! ಗೆದ್ದೆ ಎಂದುಕೊಂಡಳು.

ಶುಕ್ರವಾರ ಸಂಜೆ ಕೂರಾಬಿನ್ ಸೇರಿದರೆ, ಹೊಳೆದಂಡೆಯಲ್ಲಿ ಬೆವ್ ಹಗ್ಗ ಕಟ್ಟಿ, ಕುರ್ಚಿ ಇಟ್ಟು ಜಾಗ ಹಿಡಿದಿದ್ದಳು. ಪಕ್ಕದಲ್ಲೇ ನೀಲಿ ವ್ಯಾನು!

"ಹಗ್ಗ ಕಟ್ಟೋಕೆ ಅವನೇ ಸಹಾಯ ಮಾಡಿದ್ದು," ಎಂದಳು ಬೆವ್, ಏನೂ ಆಗದವಳಂತೆ. ಮೆರಿನ್ ತನ್ನ ವ್ಯಾನಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ರಾತ್ರಿಯಿಡೀ ಮಳೆ ಹೊಡೆಯಿತು. ಬೆಳಿಗ್ಗೆ ಹೊಳೆದಂಡೆ ಕೆಸರುಗದ್ದೆಯಾಗಿತ್ತು. ಮೆರಿನ್ ಗಿಟಾರ್ ಎತ್ತಿಕೊಂಡು ತಂತಿ ಬಿಗಿಸಿದಳು.

ಟಪ್!

ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ ಬುಡಸಮೇತ ಕಿತ್ತು ಬಂತು. ತಂತಿಗಳು ಜೋತುಬಿದ್ದವು. ಅವಳು ಅದನ್ನೇ ನೋಡುತ್ತಾ ಕೂತಳು. ಮೂರು ಗಂಟೆಗೆ ಸರದಿ... ಎರಡು ವರ್ಷ ಕಾದ ಸರದಿ!

ಇದು ಅವನದೇ ಕೆಲಸ! ಹಾಡು ಕದ್ದಿದ್ದು ಸಾಲದೆ ಗಿಟಾರೂ ಮುರಿದಿದ್ದಾನೆ! ಕಣ್ಣು ತುಂಬಿತು, ಸಿಟ್ಟು ನೆತ್ತಿಗೇರಿತು. ಹೊರಗಿಳಿದ ಮೊದಲ ಹೆಜ್ಜೆಗೇ ಹವಾಯಿ ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಹತ್ತಿರದಲ್ಲಿದ್ದದ್ದು ಮಳೆ ತಾಗದಂತೆ ಮೆಟ್ಟಿಲ ಅಡಿಗೆ ಸರಿಸಿಟ್ಟಿದ್ದ ಆ ಬೂಟು ಮಾತ್ರ. ಸಿಟ್ಟಿನಲ್ಲಿ ಜೇಡವೂ ಮರೆತುಹೋಗಿ ಕಾಲು ತೂರಿಸಿದಳು.

ಒಳಗೆ ಏನೋ ಸರಪರ ಎಂದಿತು.

"ಅಯ್ಯೋ! ಜೇಡ! ಬೆವ್! ಜೇಡ!"

ಬೂಟು ಒದ್ದು ಎಸೆದಳು. ಅದರಿಂದ ಜೇಡ ಬೀಳಲಿಲ್ಲ. ಮಡಚಿದ ಮೂರು ಚೀಟಿಗಳು ಬಿದ್ದವು.

ಮೊದಲನೆಯದು: 'ಸರ್, ನಿಮ್ಮ ಹೆಂಡತಿಯವರ ಗಿಟಾರಿನ ತಂತಿಪಟ್ಟಿ ವ್ಯಾನಿನ ಬಿಸಿಗೆ ಅಂಟು ಬಿಟ್ಟು ಏಳುತ್ತಿದೆ. ಸ್ವರ ಕೇಳಿದರೆ ಗೊತ್ತಾಗುತ್ತದೆ. ಅವರು ಹಾಡುವಾಗ ಅಡ್ಡಿಪಡಿಸಲು ಮನಸ್ಸಾಗಲಿಲ್ಲ. ನಾನು ಹಬ್ಬಗಳಿಗೆ ಹೋಗಿ ಗಿಟಾರ್ ರಿಪೇರಿ ಮಾಡುವವನು. ನೀಲಿ ವ್ಯಾನು. ಕ್ಲೆಮ್.'

ಎರಡನೆಯದು: 'ಸರ್, ನೀವು ಚೀಟಿ ನೋಡಿದಂತಿಲ್ಲ. ಅಂಟು ಒಣಗಲು ಒಂದು ದಿನ ಬೇಕು. ಶನಿವಾರದೊಳಗೆ ಕೊಡಿ. ಆ ಹಾಡು ಹಾಳಾಗಬಾರದು.'

ಮೂರನೆಯದಕ್ಕೆ ಅಂದಿನ ತಾರೀಖು. 'ಸರ್, ಇದೇ ಕೊನೆಯದು. ನಾನು ಇವತ್ತೇ ಹೊರಡುತ್ತಿದ್ದೇನೆ. ಇನ್ನೊಬ್ಬರ ಹೆಂಡತಿಯ ಹಾಡಿಗೆ ದಿನವಿಡೀ ಕಾಯುತ್ತಾ ಕೂರುವುದು ನನಗೇ ಸರಿ ಕಾಣುತ್ತಿಲ್ಲ. ನೀವು ಪುಣ್ಯವಂತರು. ಒಂದು ಸಲವಾದರೂ ಎದ್ದು ಹೊರಗೆ ಬಂದು ಅವರ ಹಾಡು ಕೇಳಿ ಸರ್.'

ಮೆರಿನ್‌ಗೆ ಅಕ್ಷರಗಳು ಮಂಜಾದವು. ನಾಲ್ಕು ದಿನದಿಂದ ಅವಳು ಹೊತ್ತು ತಿರುಗಿದ ಅನುಮಾನವೆಲ್ಲ ಆ ಮೂರು ಚೀಟಿಯ ಮುಂದೆ ಕುಸಿಯಿತು. ಗಿಟಾರ್ ಮುರಿದವನು ಅವನಲ್ಲ. ಅವನಿಂದ ತಪ್ಪಿಸಿಕೊಳ್ಳಲು ಹಿಡಿದ ಆ ಹಾಳು ದಾರಿ, ಆ ಬಿಸಿಲು... ಮುರಿದವಳು ತಾನೇ!

ನೀಲಿ ವ್ಯಾನಿನ ಎಂಜಿನ್ ಗುರ್ ಎಂದಿತು.

ಅವಳು ಎರಡೂ ಬೂಟು ಏರಿಸಿ ಓಡಿದಳು. ಹನ್ನೆರಡನೇ ಸೈಜಿನಲ್ಲಿ ಎಂಟನೇ ಸೈಜಿನ ಕಾಲು, ಪಚಕ್ ಪಚಕ್ ಎನ್ನುತ್ತಾ! ಅಕ್ಕಪಕ್ಕದವರೆಲ್ಲ ಚಹಾ ಹಿಡಿದು ನೋಡುತ್ತಾ ನಿಂತರು.

"ನಿಲ್ಸಿ! ಕ್ಲೆಮ್, ನಿಲ್ಸಿ!"

ಅವನು ಇಳಿದು ಬಂದ. ಅವಳ ಮುಖ ನೋಡಿದ, ಕಾಲು ನೋಡಿದ.

"ಇದು... ಯಜಮಾನ್ರ ಬೂಟಲ್ವಾ?"

"ಯಜಮಾನ್ರೇ ಇಲ್ಲ ಕಣ್ರೀ!" ಅವಳು ಏದುಸಿರು ಬಿಡುತ್ತಾ ಕೂಗಿದಳು. "ಯಾವತ್ತೂ ಇರ್ಲಿಲ್ಲ! ಬರೀ ಬೂಟು!"

"ಮತ್ತೆ... ಬೆನ್ನು ನೋವು?"

"ಅದೂ ಸುಳ್ಳು!"

ದೂರದಲ್ಲಿ ಬೆವ್ ಬಿದ್ದು ಬಿದ್ದು ನಗುತ್ತಿದ್ದಳು. ಕ್ಲೆಮ್ ನಗಲಿಲ್ಲ. ಅವನ ಕಣ್ಣಲ್ಲಿ ಬೆಳಕು ಮೂಡುತ್ತಿತ್ತು, ಆದರೆ ನಂಬಲು ಧೈರ್ಯ ಸಾಲುತ್ತಿರಲಿಲ್ಲ.

"ಆ ಪುಸ್ತಕ ತೋರಿಸಿ," ಎಂದಳು ಮೆರಿನ್, ಕೈ ಚಾಚಿ.

ಅವನು ಜೇಬಿನಿಂದ ತೆಗೆದು ಕೊಟ್ಟ. ಪುಟ ಪುಟದಲ್ಲೂ ಗಿಟಾರಿನ ಚಿತ್ರ, ಯಾವ ತಂತಿ ಎಲ್ಲಿ ಜುಂಯ್‌ಗುಡುತ್ತದೆ ಎಂಬ ಲೆಕ್ಕ. ಅವಳ ಹಾಡಿನ ಒಂದು ಪದವೂ ಇರಲಿಲ್ಲ.

"ನನ್ನ ಹಾಡು... ಬರ್ಕೊಂಡಿಲ್ವಾ?"

"ಅದು ನಿಮ್ಮದಲ್ವಾ? ನಾನ್ಯಾಕೆ ಬರೀಲಿ?"

ಇಷ್ಟು ಸರಳ ಮಾತಿಗೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಎರಡು ವರ್ಷದ ಅಳು. ಅದರ ನಡುವೆಯೇ ಗಿಟಾರಿನ ಪಟ್ಟಿ ಕಿತ್ತುಬಂದದ್ದನ್ನೂ ಹೇಳಿದಳು. ಅವನು ವ್ಯಾನಿನಿಂದ ಒಂದು ಗಿಟಾರ್ ತಂದು ಅವಳ ಕೈಗಿಟ್ಟ.

"ನಿಮ್ಮದನ್ನ ಇವತ್ತು ಅಂಟಿಸಿದ್ರೆ ನಾಳೆಗೆ ಸರಿಹೋಗುತ್ತೆ. ಇವತ್ತಿಗೆ ಇದು. ನಾನೇ ಮಾಡಿದ್ದು. ಇನ್ನೂ ಯಾರೂ ಇದನ್ನ ಹಿಡಿದು ಹಾಡಿಲ್ಲ."

ಮೂರು ಗಂಟೆಗೆ ಮೆರಿನ್ ವೇದಿಕೆ ಹತ್ತಿದಳು, ಬೂಟಿನಲ್ಲೇ. ಮೊದಲ ಸಾಲಿನಲ್ಲೇ ಪದ ತಪ್ಪಿತು. ಎದುರಿನಲ್ಲಿ ಕ್ಲೆಮ್ ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟು ಕೂತಿದ್ದ. ಪುಸ್ತಕ ಇರಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರುಮಾಡಿ, ಹಾಡು ಮುಗಿಯುವವರೆಗೂ ನಿಲ್ಲಲಿಲ್ಲ. ಬಹುಮಾನ ಬಂತೋ ಇಲ್ಲವೋ ಕೇಳಲು ಅವಳು ಕಾಯಲೂ ಇಲ್ಲ.

ಸಂಜೆ ಅವಳ ವ್ಯಾನಿನ ಮುಂದೆ ಎಂದಿನಂತೆ ಎರಡು ಕುರ್ಚಿ. ಮೊದಲ ಸಲ ಎರಡನೆಯದರಲ್ಲೂ ಒಬ್ಬರು ಕೂತಿದ್ದರು. ಅವನು ಅವಳ ಗಿಟಾರಿಗೆ ಅಂಟು ಹಚ್ಚಿ, ಹಲಗೆ ಕಟ್ಟಿ, ಮಡಿಲಲ್ಲಿ ಇಟ್ಟುಕೊಂಡಿದ್ದ.

"ಕ್ಲೆಮ್, ನಿನ್ನ ಬೂಟಿನ ಸೈಜೆಷ್ಟು?"

"ಒಂಬತ್ತು." ಅವನು ಸಂಕೋಚದಿಂದ ನಕ್ಕ. "ಯಜಮಾನ್ರಷ್ಟು ದೊಡ್ಡ ಕಾಲಿಲ್ಲ ನಂದು."

ಮೆರಿನ್ ಕೆಸರು ಮೆತ್ತಿದ ಬೂಟನ್ನು ಮೆಟ್ಟಿಲಿಂದ ಎತ್ತಿ ವ್ಯಾನಿನ ಅಡಿಗೆ ತಳ್ಳಿದಳು.

"ನಾಳೆ ನಿಂದನ್ನ ತಂದಿಡು."

"ಯಜಮಾನ್ರು ಎಲ್ಲಿ ಅಂತ ನೋಡಿದೋರು ಕೇಳಿದ್ರೆ?"

"ಒಳಗಿದ್ದಾರೆ ಅಂತೀನಿ," ಎಂದಳು ಅವಳು, ಅಂಟು ಮೆತ್ತಿದ ಆ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದು. "ಈ ಸಲ ಸುಳ್ಳಾಗಲ್ಲ."