ಅಪ್ಪನ ಬಾಯಲ್ಲಿ ಮೊಳೆ

“ಊಟ ಆಯ್ತಾ?” ಅಪ್ಪ ಕೇಳಿದ.

ಬೆಳಗ್ಗೆ ಹನ್ನೊಂದು ಗಂಟೆಗೆ ಯಾರಾದರೂ ಊಟ ಮಾಡುತ್ತಾರೆಯೇ? ಆದರೂ ಮಗಳು ರೇಡಿಯೋ, “ಆಯ್ತು” ಎಂದಳು.

“ಸ್ಕೂಲು?”

“ಇದೆ.”

“ಎಕ್ಸಾಮು?”

“ಮುಗೀತು.”

ಎಕ್ಸಾಮಿನ ಜೊತೆಗೆ ಮಾತೂ ಮುಗಿಯಿತು. ಅಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ರೇಡಿಯೋ ಗೋಡೆ ಗಡಿಯಾರ ನೋಡಿದಳು. ಹನ್ನೊಂದು ದಾಟಿ ಇನ್ನೂ ನಾಲ್ಕೇ ನಿಮಿಷ. ಮೂಲೆಯ ಮೇಜಿನ ಹಿಂದೆ ಕೂತಿದ್ದ ಕೌನ್ಸೆಲರ್ ಮೇಡಂ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

ಅದು ಫ್ಯಾಮಿಲಿ ಕೋರ್ಟಿನ ಎರಡನೇ ಮಹಡಿಯ ಕೋಣೆ. ಗೋಡೆಯ ಮೇಲೊಂದು ಜಿರಾಫೆ ಚಿತ್ರ, ಡಬ್ಬದ ತುಂಬ ಕಾಲು ಮುರಿದ ಗೊಂಬೆಗಳು, ನಾಲ್ಕು ಕುಷನ್ ಕುರ್ಚಿ. ಅಪ್ಪ, ಅಮ್ಮ ಬೇರೆ ಬೇರೆ ಮನೆ ಮಾಡಿ ಒಂದು ವರ್ಷವಾಗಿತ್ತು. ರೇಡಿಯೋ ಅಮ್ಮನ ಜೊತೆ ಇದ್ದಳು. ಶನಿವಾರ ಹನ್ನೊಂದರಿಂದ ಹನ್ನೆರಡರವರೆಗೆ ಅಪ್ಪ ಅವಳನ್ನು ಈ ಕೋಣೆಯಲ್ಲಿ ನೋಡಬಹುದು ಎಂದು ಜಡ್ಜ್ ಹೇಳಿದ್ದರು. ಮೂರು ಶನಿವಾರ ಮೇಡಂ ಕೂತು ಗಮನಿಸುತ್ತಾರೆ, ಆಮೇಲೆ ರಿಪೋರ್ಟ್ ಕೊಡುತ್ತಾರೆ. ರಿಪೋರ್ಟ್ ಚೆನ್ನಾಗಿದ್ದರೆ ಪ್ರತಿ ಭಾನುವಾರ ಅಪ್ಪನ ಮನೆ. ಇಲ್ಲದಿದ್ದರೆ ಮತ್ತೆ ಇದೇ ಕೋಣೆ, ಅದೂ ತಿಂಗಳಿಗೊಮ್ಮೆ.

ಇವತ್ತು ಮೂರನೇ ಶನಿವಾರ.

ರೇಡಿಯೋ ಎನ್ನುವುದು ಅಜ್ಜಿ, ಅಂದರೆ ಅಪ್ಪನ ಅಮ್ಮ, ಇಟ್ಟ ಹೆಸರು. “ನಿಂಗೆ ಆಫ್ ಬಟನ್ ಇಡೋದನ್ನೇ ದೇವರು ಮರೆತುಬಿಟ್ಟ ಕಣೇ” ಎಂದು ಅಜ್ಜಿ ನಗುತ್ತಿದ್ದಳು. ಹಲ್ಲುಜ್ಜುವಾಗಲೂ ಮಾತು, ನಿದ್ದೆಯಲ್ಲೂ ಮಾತು. ಅಂಥವಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ. ಇತ್ತು.

ಮೊದಲೆಲ್ಲ ಅವಳು ಭಾನುವಾರ ಅಪ್ಪನ ಮನೆಗೇ ಹೋಗುತ್ತಿದ್ದಳು. ಒಂದು ಭಾನುವಾರ ಹೊರಡುವ ಹೊತ್ತಿಗೆ ಅಜ್ಜಿ ಅವಳನ್ನು ತಬ್ಬಿಕೊಂಡು, “ಇವಳನ್ನ ನಾನು ಕಳಿಸೋದೇ ಇಲ್ಲ, ಏನ್ ಮಾಡ್ಕೋತಾರೋ ಮಾಡ್ಕೊಳ್ಳಿ!” ಎಂದು ಗೊಳೋ ಎಂದು ಅತ್ತಿದ್ದಳು. ಆಮೇಲೆ ತಾನೇ ಕಣ್ಣೊರೆಸಿಕೊಂಡು, ಅವಳ ಜಡೆ ಹೆಣೆದು, ಬಾಗಿಲ ತನಕ ಬಂದು ಕಳಿಸಿಕೊಟ್ಟಿದ್ದಳು.

ಮನೆಗೆ ಬಂದ ರೇಡಿಯೋ ಎಂದಿನಂತೆ ಅಮ್ಮನಿಗೆ ಎಲ್ಲವನ್ನೂ ಒಪ್ಪಿಸಿದಳು. ಅಮ್ಮ ಅದನ್ನು ಲಾಯರ್ ಅಂಕಲ್‌ಗೆ ಹೇಳಿದಳು. ಲಾಯರ್ ಅಂಕಲ್ ಟೈಪ್ ಮಾಡಿಸಿದರು. ಟೈಪ್ ಆಗಿ ಬರುವಷ್ಟರಲ್ಲಿ ಅಜ್ಜಿಯ ಅಳು ಎಲ್ಲೋ ಬಿದ್ದುಹೋಗಿತ್ತು, ಜಡೆಯೂ ಬಿದ್ದುಹೋಗಿತ್ತು. ‘ಮಗುವನ್ನು ವಾಪಸ್ ಕಳಿಸುವುದಿಲ್ಲವೆಂದು ಅಜ್ಜಿಯು ಬೆದರಿಕೆ ಹಾಕಿರುತ್ತಾರೆ’ ಎಂಬ ಒಂದೇ ಸಾಲು ಉಳಿದಿತ್ತು.

ಆ ಒಂದು ಸಾಲಿಗೆ ಭಾನುವಾರಗಳು ನಿಂತುಹೋದವು. ಇನ್ನು ಮೇಲೆ ಅಪ್ಪ ಒಬ್ಬನೇ, ಈ ಕೋಣೆ ಒಂದೇ. ಅಜ್ಜಿ ಬರುವಂತಿಲ್ಲ, ಸೋದರತ್ತೆ ಬರುವಂತಿಲ್ಲ. “ಒಂದು ಮಾತಿಗೆ ಎಷ್ಟು ದೊಡ್ಡ ಶಿಕ್ಷೆ ನೋಡು” ಎಂದು ಅತ್ತೆ ಫೋನಿನಲ್ಲಿ ನಿಟ್ಟುಸಿರು ಬಿಟ್ಟಿದ್ದಳು. ಯಾರ ಮಾತು ಎಂದು ಅತ್ತೆ ಹೇಳಲಿಲ್ಲ. ತನ್ನದೇ ಎಂದು ರೇಡಿಯೋ ತಿಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಪಾಠದ ಪುಸ್ತಕದಲ್ಲೂ ಇತ್ತಲ್ಲ.

ಆವತ್ತಿನಿಂದ ಅವಳದ್ದು ಒಂದೇ ನಿಯಮ. ಅಪ್ಪನ ಮುಂದೆ ಅಮ್ಮನ ಮಾತಿಲ್ಲ, ಅಮ್ಮನ ಮುಂದೆ ಅಪ್ಪನ ಮಾತಿಲ್ಲ. ಮೇಡಂ ಮುಂದೆಯಂತೂ ಯಾವ ಮಾತೂ ಇಲ್ಲ.

ಅಪ್ಪನ ಕತೆ ಇನ್ನೊಂದು. ಅವನ ಲಾಯರ್ ಬರೆದುಕೊಟ್ಟ ಲಿಸ್ಟ್ ಶರ್ಟಿನ ಜೇಬಿನಿಂದ ಇಣುಕುತ್ತಿತ್ತು. ಅಮ್ಮನ ವಿಷಯ ಎತ್ತಬೇಡಿ. ಅಜ್ಜಿಯ ವಿಷಯ ಬೇಡ. ತಿಂಡಿ ಬೇಡ. ಫೋಟೋ ಬೇಡ. ಅದು ಕೊಡಿಸ್ತೀನಿ, ಇದು ಕೊಡಿಸ್ತೀನಿ ಬೇಡ. ಅಳು ಬೇಡವೇ ಬೇಡ. ಇಷ್ಟೆಲ್ಲ ಬೇಡಗಳನ್ನು ಕಳೆದ ಮೇಲೆ ಪಾಪ, ಅಪ್ಪನಿಗೆ ಉಳಿದದ್ದು ಊಟ, ಸ್ಕೂಲು ಮತ್ತು ಎಕ್ಸಾಮು.

ಹನ್ನೊಂದೂ ಕಾಲಿಗೆ ಮೇಡಂ ಫೋನ್ ಹೊಡೆದುಕೊಂಡಿತು. ಅವರು ಬಾಗಿಲಾಚೆ ನಿಂತು ಮಾತಾಡತೊಡಗಿದರು. ರೇಡಿಯೋ ನೀರು ಕುಡಿಯಲು ಎದ್ದಳು. ನೀರಿನ ಜಗ್ ಇದ್ದದ್ದು ಮೇಡಂ ಮೇಜಿನ ಮೇಲೆ. ಅದರ ಪಕ್ಕದಲ್ಲೇ ತೆರೆದ ನೋಟ್‌ಬುಕ್. ಬೇರೆಯವರು ಬರೆದದ್ದನ್ನು ಕದ್ದು ಓದಬಾರದು ಎಂದು ಅವಳಿಗೂ ಗೊತ್ತು. ಆದರೆ ಕಣ್ಣಿಗೆ ಬೀಗ ಹಾಕುವುದು ಬಾಯಿಗೆ ಹಾಕಿದಷ್ಟು ಸುಲಭವಲ್ಲ.

‘ಮೊದಲ ಭೇಟಿ: ತಂದೆ ಮಗಳ ನಡುವೆ ಮಾತುಕತೆ ಇಲ್ಲ. ಎರಡನೇ ಭೇಟಿ: ಮಾತುಕತೆ ಇಲ್ಲ. ಮಗುವಿಗೆ ತಂದೆಯ ಜೊತೆ ಸಲುಗೆ ಇದ್ದಂತೆ ಕಾಣುವುದಿಲ್ಲ. ಮೂರನೇ ಭೇಟಿ: ಹಿಂದಿನಂತೆಯೇ.’

ರೇಡಿಯೋ ನೀರಿನ ಲೋಟವನ್ನು ಹಾಗೇ ಕೆಳಗಿಟ್ಟಳು. ಸಲುಗೆ ಇಲ್ಲವಂತೆ! ಅಪ್ಪನ ಹೆಗಲೇರಿ ಅವನ ಕಿವಿಯನ್ನು ಹ್ಯಾಂಡಲ್ ಮಾಡಿಕೊಂಡು ಬೀದಿ ಸುತ್ತಿದವಳು ಅವಳು. ಮಾತಾಡಿದರೆ ಅದು ಕೋರ್ಟಿನ ಪೇಪರ್ ಆಗುತ್ತದೆ ಎಂದು ಇಷ್ಟು ದಿನ ಸುಮ್ಮನಿದ್ದಳು. ಸುಮ್ಮನಿದ್ದರೂ ಪೇಪರ್ ಆಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಾತಾಡಬೇಕು. ಈಗಲೇ ಮಾತಾಡಬೇಕು. ಅವಳು ಬಂದು ಅಪ್ಪನ ಎದುರು ಕೂತು ಬಾಯಿ ತೆರೆದಳು.

“ಅಪ್ಪಾ...”

“ಏನಮ್ಮಾ?”

“ಊಟ ಆಯ್ತಾ?”

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಈಗ ಅಪ್ಪ, “ಆಯ್ತು” ಎಂದು ತಲೆ ತಗ್ಗಿಸಿದ. ರೇಡಿಯೋಗೆ ಅಳು ಬರುವಂತಾಯಿತು.

ಆಗಲೇ ಅವಳ ಕಣ್ಣು ಅಪ್ಪನ ಬಲಗೈ ಮೇಲೆ ಬಿತ್ತು. ಆ ಕೈ, ಅಪ್ಪನಿಗೇ ಗೊತ್ತಿಲ್ಲದೆ, ಕುರ್ಚಿಯ ಸೀಟಿನ ಕೆಳಗೆ ಹೋಗಿ ತಡಕಾಡುತ್ತಿತ್ತು. ಸೋಫಾ, ಕುಷನ್ ಕುರ್ಚಿ ರಿಪೇರಿ ಮಾಡುವುದೇ ಅಪ್ಪನ ಕೆಲಸ. ನೆಂಟರ ಮನೆಗೆ ಹೋದರೂ ಅವನು ನೆಂಟರಿಗಿಂತ ಮೊದಲು ಕುರ್ಚಿಯ ಯೋಗಕ್ಷೇಮ ವಿಚಾರಿಸುತ್ತಿದ್ದ.

“ಸ್ಪ್ರಿಂಗಾ, ಪಟ್ಟಿನಾ?” ರೇಡಿಯೋ ಪಿಸುಗುಟ್ಟಿದಳು.

“ಪಟ್ಟಿ,” ಅಪ್ಪ ಥಟ್ಟನೆ ಹೇಳಿದ, ಸೀಟನ್ನು ಅಡಿಯಿಂದ ಎತ್ತಿ ಹಿಡಿಯುವ ದಪ್ಪ ಬಟ್ಟೆಪಟ್ಟಿಗಳನ್ನು ಬೆರಳಲ್ಲೇ ಎಣಿಸುತ್ತ. “ಮೂರು ಕಿತ್ತು ಬಂದಿವೆ. ಯಾರೋ ಅರ್ಜೆಂಟಲ್ಲಿ ಮೊಳೆ ಹೊಡೆದಿದಾರೆ.”

“ನೀನು ಹಾಕ್ಬಿಡು.”

“ಅಯ್ಯೋ, ಕೋರ್ಟಿನ ಕುರ್ಚಿ ಕಣೇ! ಮುಟ್ಟಿದ್ರೆ ಇನ್ನೊಂದು ಕೇಸ್ ಹಾಕಿಯಾರು.”

ಅಷ್ಟರಲ್ಲಿ ಮೇಡಂ ಒಳಗೆ ಬಂದರು. ರೇಡಿಯೋ ಎದ್ದು ನಿಂತಳು. “ಮೇಡಂ, ಈ ಕುರ್ಚಿ ಕೂತ್ರೆ ಒಳಗೇ ಹೋಗುತ್ತೆ. ನಮ್ಮಪ್ಪ ರಿಪೇರಿ ಮಾಡಬಹುದಾ?”

ಮೂರು ಭೇಟಿಗಳಲ್ಲಿ ಅವಳ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು. “ಆರ್ಡರಲ್ಲಿ ಕುರ್ಚಿ ಬಗ್ಗೆ ಏನೂ ಬರೆದಿಲ್ಲ,” ಎಂದರು. “ಮಾಡಲಿ. ಇಲ್ಲಿನ ಕುರ್ಚಿಗಳಲ್ಲಿ ಕೂತೂ ಕೂತೂ ನನ್ನ ಸೊಂಟವೇ ಹೋಗಿದೆ.”

ಅಪ್ಪ ಕುರ್ಚಿಯನ್ನು ಬೋರಲು ಹಾಕಿದ. ಅವನ ಪುಟ್ಟ ಸುತ್ತಿಗೆಯನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡಿದ್ದರು. ಅದಕ್ಕೇನು? ಮನೆ ಬೀಗದ ಕೈಯಿಂದ ಹಳೆಯ ಮೊಳೆಗಳನ್ನು ಮೀಟಿದ. ಹೊಡೆಯಲು ಮೇಡಂ ಮೇಜಿನ ಕಬ್ಬಿಣದ ಪೇಪರ್‌ವೇಟ್ ಸಿಕ್ಕಿತು. ಕಿತ್ತ ಮೊಳೆಗಳನ್ನು ಒಂದೊಂದಾಗಿ ಒರೆಸಿ, ಅಭ್ಯಾಸದಂತೆ ತುಟಿಗಳ ನಡುವೆ ಸಿಕ್ಕಿಸಿಕೊಂಡ.

ಮೊಳೆ ತುಟಿಗೆ ಬಂದದ್ದೇ ತಡ, ರೇಡಿಯೋಗೆ ಜೀವ ಬಂದಂತಾಯಿತು. ಮೊದಲೆಲ್ಲ ಸ್ಕೂಲ್ ಬಿಟ್ಟ ಮೇಲೆ ಅಂಗಡಿಯಲ್ಲಿ ಸಂಜೆ ಕಳೆಯುತ್ತಿದ್ದದ್ದೇ ಹೀಗೆ. ಅಪ್ಪನ ಬಾಯ್ತುಂಬ ಮೊಳೆ, ಅವಳ ಬಾಯ್ತುಂಬ ಮಾತು. ಅಪ್ಪ ಉತ್ತರ ಕೊಡುತ್ತಿದ್ದದ್ದು ಮೂಗಿನಲ್ಲಿ. ಗಿಡ್ಡ ‘ಹ್ಞೂಂ’ ಅಂದರೆ ಹೌದು. ಉದ್ದ ‘ಹ್ಞೂಂ’ ಅಂದರೆ ಆಮೇಲೆ ಏನಾಯಿತು? ಎರಡು ಸಲ ಅಂದರೆ, ರೀಲು ಬಿಡಬೇಡ.

“ಅಪ್ಪಾ, ನಮಗೆ ಹೊಸ ಮಿಸ್ ಬಂದಿದಾರೆ. ಸೀನೋಕೆ ಶುರು ಮಾಡಿದ್ರೆ ಹನ್ನೊಂದು ಸಲ ಸೀನ್ತಾರೆ. ನಾವು ಎಣಿಸ್ತೀವಿ.”

“ಹ್ಞೂಂಂಂ?”

“ಮೊನ್ನೆ ಹತ್ತಕ್ಕೇ ನಿಲ್ಲಿಸಿದ್ರು. ಇಡೀ ಕ್ಲಾಸು ‘ಅಯ್ಯೋ’ ಅಂತು! ಆಮೇಲೆ ನಾನು ಲಾಂಗ್‌ಜಂಪಲ್ಲಿ ಸೆಕೆಂಡ್ ಬಂದೆ.”

“ಹ್ಞೂಂ ಹ್ಞೂಂ.”

“ರೀಲಲ್ಲಪ್ಪಾ, ನಿಜ! ಜಂಪ್ ಮಾಡಿದ್ದೇ ಇಬ್ಬರು, ಅದು ಬೇರೆ ವಿಷಯ.”

ಅಪ್ಪನ ಹೆಗಲು ಕುಲುಕಿತು. ಮೊಳೆ ಕಚ್ಚಿಕೊಂಡವರು ನಗುವುದು ಹಾಗೆಯೇ. ರೇಡಿಯೋ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದಳು, ಅಪ್ಪ ತುಟಿಯಿಂದ ಒಂದು ಮೊಳೆ ತೆಗೆದು ಹೊಡೆದ. ಒಂದು ಪಟ್ಟಿ ಆಯಿತು. ಎರಡನೆಯದ್ದೂ ಆಯಿತು. ಅಷ್ಟರಲ್ಲಿ ಹಲ್ಲು ಬಿದ್ದದ್ದು, ಗೆಳತಿ ಟೂ ಬಿಟ್ಟದ್ದು, ಮತ್ತೆ ಸೇರಿಕೊಂಡದ್ದು ಎಲ್ಲ ಬಂತು. ಮೂರನೇ ಪಟ್ಟಿ ಎಳೆಯುವಾಗ, ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತೂ ಉಳಿದವುಗಳ ಹಿಂದೆಯೇ ಜಾರಿ ಬಂತು.

“ಅಜ್ಜಿ ಬರದ ಹಾಗೆ ಆಗಿದ್ದು ನನ್ನಿಂದ, ಅಪ್ಪಾ. ಅಮ್ಮಂಗೆ ಹೇಳಿದ್ದು ನಾನೇ.”

ಅಪ್ಪನ ಕೈ ನಿಂತಿತು. ಗಿರಾಕಿ ಬಂದು ಎದುರು ನಿಂತರೂ ಅಪ್ಪ ಕೆಲಸದ ಮಧ್ಯೆ ಬಾಯಿಂದ ಮೊಳೆ ತೆಗೆಯುತ್ತಿರಲಿಲ್ಲ. ಈಗ ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

“ನೀನು ಹೇಳಿದ್ದು ಸುಳ್ಳಾ?”

“ಇಲ್ಲ. ಆದ್ರೆ ಅಜ್ಜಿ ಅಳ್ತಾ ಅಂದಿದ್ದು. ಅದನ್ನ ಯಾರೂ ಬರೀಲಿಲ್ಲ. ಆಮೇಲೆ ಜಡೆ ಹಾಕಿ ಅವಳೇ ಕಳಿಸಿದ್ಲು. ಅದನ್ನೂ ಬರೀಲಿಲ್ಲ.”

“ಮಗಳು ಅಮ್ಮಂಗೆ ಹೇಳ್ದೆ ಇನ್ಯಾರಿಗೆ ಹೇಳ್ತಾಳೆ?” ಅಪ್ಪ ನಿಧಾನವಾಗಿ ಹೇಳಿದ. “ಜಗಳ ಆಡಿದೋರು ನಾವು. ಪೇಪರ್ ಮಾಡಿಸಿದೋರೂ ನಾವೇ. ನಿಂದೇನೂ ತಪ್ಪಿಲ್ಲ ಕಣೇ.”

ಆಮೇಲೆ ಅವನು ಜೇಬಿನ ಲಿಸ್ಟನ್ನು ಇನ್ನಷ್ಟು ಒಳಕ್ಕೆ ತಳ್ಳಿದ. “ಅಜ್ಜಿ ಬಸ್‌ಸ್ಟಾಪಲ್ಲಿ ಕೂತಿದಾಳೆ. ಗೇಟಿನ ಎದುರುಗಡೆಯ ಸ್ಟಾಪಲ್ಲಿ. ಮೂರು ಶನಿವಾರದಿಂದ ನನ್ನ ಜೊತೆನೇ ಬರ್ತಾಳೆ. ಈ ಕಡೆಗೆ ದಾಟಲ್ಲ. ನೀನು ಬಸ್ ಹತ್ತೋದನ್ನ ಅಲ್ಲಿಂದಲೇ ನೋಡಿ ಮನೆಗೆ ಹೋಗ್ತಾಳೆ.”

ಅಳು ಬೇಡ ಎಂದು ಲಿಸ್ಟಿನಲ್ಲಿತ್ತು. ಅಪ್ಪನ ಕಣ್ಣುಗಳು ಲಿಸ್ಟ್ ಓದಿರಲಿಲ್ಲ.

ರೇಡಿಯೋ ಮೇಡಂ ಕಡೆ ತಿರುಗಿದಳು. ಅವರ ಪೆನ್ನು ಕೈಯಲ್ಲೇ ನಿಂತಿತ್ತು.

“ಇದನ್ನೂ ಬರೀತೀರಾ ಮೇಡಂ?”

“ಬರೀತೀನಿ.”

“ಅಳ್ತಾ ಅಂದಿದ್ದು ಅಂತ?”

“ಹಾಗೇ ಬರೀತೀನಿ.”

“ಜಡೆ?”

“ಜಡೆನೂ,” ಎಂದರು ಮೇಡಂ. “ಭಾನುವಾರ ಕೊಡೋದು ಬಿಡೋದು ಜಡ್ಜ್ ಕೈಲಿದೆ ಪುಟ್ಟಾ. ನಾನು ಮಾತು ಕೊಡೋಕಾಗಲ್ಲ. ನೀನು ಹೇಳಿದ್ದನ್ನ ಮಾತ್ರ ಪೂರ್ತಿ ಬರೀತೀನಿ.”

ಅವರು ನೋಟ್‌ಬುಕ್ಕಿನ ಕೊನೆಯ ಸಾಲಿನ ಮೇಲೆ ಗೀಟು ಎಳೆದು, ಕೆಳಗೆ ಹೊಸದಾಗಿ ಬರೆಯತೊಡಗಿದರು. ಅಪ್ಪ ಮತ್ತೆ ಮೊಳೆ ಕಚ್ಚಿಕೊಂಡ. ಹನ್ನೆರಡು ಹೊಡೆಯುವಷ್ಟರಲ್ಲಿ ಕುರ್ಚಿ ನೆಟ್ಟಗೆ ನಿಂತಿತು.

ಅಮ್ಮ ಕೆಳಗೆ ಗೇಟಿನ ಹತ್ತಿರ ಕಾಯುತ್ತಿದ್ದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಒಂದು ಗಂಟೆಗೆ ಅಲ್ಲಿರಬೇಕು. ಪ್ರತಿ ಶನಿವಾರವೂ ರೇಡಿಯೋ ಕೈ ಹಿಡಿದು ದರದರನೆ ನಡೆಸಿ ಮೊದಲು ಬಂದ ಬಸ್ಸನ್ನೇ ಹತ್ತಿಸುತ್ತಿದ್ದಳು. ಮೊದಲ ಶನಿವಾರ “ಏನಾಯ್ತು?” ಎಂದು ಕೇಳಿದ್ದಳು. “ಏನಿಲ್ಲ” ಎಂಬ ಉತ್ತರ ಬಂದ ಮೇಲೆ ಕೇಳುವುದನ್ನೂ ಬಿಟ್ಟಿದ್ದಳು.

“ಅಮ್ಮಾ, ಇವತ್ತು ಏನಾಯ್ತು ಗೊತ್ತಾ?”

ಅಮ್ಮ ಗಕ್ಕನೆ ನಿಂತಳು.

“ಹೇಳ್ತೀನಿ. ಆದ್ರೆ ಇದು ನಿಂಗೆ ಮಾತ್ರ. ಲಾಯರ್ ಅಂಕಲ್‌ಗಲ್ಲ.”

ಅಮ್ಮನ ಮುಖ ಒಂದು ಥರ ಆಯಿತು. ಬ್ಯಾಗಿನ ಪಟ್ಟಿಯನ್ನು ತಿರುಚುತ್ತ ಅವಳು ಹೇಳಿದಳು, “ಅವತ್ತು ನಂಗೆ ಹೆದರಿಕೆ ಆಗಿತ್ತು ಚಿನ್ನಾ. ನೀನು ವಾಪಸ್ ಬರೋದೇ ಇಲ್ವೇನೋ ಅಂತ.”

ಅಮ್ಮ ಲಾಯರ್‌ಗೆ ಹೇಳಿದ್ದು ಸಿಟ್ಟಿನಿಂದ ಎಂದುಕೊಂಡಿದ್ದಳು ರೇಡಿಯೋ. ಅಮ್ಮನಿಗೂ ಹೆದರಿಕೆ ಆಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

“ಸರಿ,” ಅಮ್ಮ ಹೇಳಿದಳು. “ನಂಗೆ ಮಾತ್ರ. ಹೇಳು.”

ಇಬ್ಬರೂ ಗೇಟಿನ ಕಡೆಯ ಬಸ್‌ಸ್ಟಾಪಿಗೆ ಬಂದು ನಿಂತರು. ಕಿತ್ತು ಹೋದ ಪಟ್ಟಿ, ಮೇಡಂ ಸೊಂಟ, ಬೀಗದ ಕೈ, ಎಲ್ಲ ಹೇಳುತ್ತಾ ಹೋದಳು ರೇಡಿಯೋ. ಸೊಂಟದ ಮಾತಿಗೆ ಅಮ್ಮ ನಕ್ಕಳು. ನಗುತ್ತಿದ್ದವಳ ನೋಟ ರಸ್ತೆಯಾಚೆ ಹೋಗಿ ನಿಂತಿತು.

ಎದುರಿನ ಸ್ಟಾಪಿನ ಬೆಂಚಿನಲ್ಲಿ ಅಜ್ಜಿ ಕೂತಿದ್ದಳು. ಮೊಮ್ಮಗಳನ್ನು ಕಂಡು ಅರ್ಧ ಎದ್ದವಳು, ಪಕ್ಕದಲ್ಲಿ ಅಮ್ಮನನ್ನು ಕಂಡು ಮತ್ತೆ ಕೂತುಬಿಟ್ಟಳು.

ಬಸ್ ಬಂತು. ರೇಡಿಯೋ ಹತ್ತಲು ಹೊರಟಳು. ಅಮ್ಮ ಅವಳ ಕೈ ಹಿಡಿದುಕೊಂಡಳು.

“ಇದು ಬೇಡ. ರಶ್ ಇದೆ.”

ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇತ್ತು. ಅದು ಹೋದ ಮೇಲೆ ಅಮ್ಮ ಮೆಲ್ಲಗೆ ರೇಡಿಯೋ ಭುಜ ಹಿಡಿದು ಅವಳನ್ನು ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಅಜ್ಜಿಯ ಹೆಸರು ಎತ್ತಲಿಲ್ಲ. ಗಂಟೆ ಎಷ್ಟಾಯಿತೆಂದು ಒಮ್ಮೆ ನೋಡಿಕೊಂಡಳು, ಅಷ್ಟೆ.

“ಹ್ಞೂಂ, ಆಮೇಲೆ?” ಎಂದಳು.

ರೇಡಿಯೋಗೆ ಅರ್ಥವಾಯಿತು. ಅವಳೂ ಏನೂ ಕೇಳಲಿಲ್ಲ. ಇನ್ನೊಂದು ಬಸ್ ದೂರದಲ್ಲಿ ಕಾಣಿಸುತ್ತಿತ್ತು. ಅವಳು ರಸ್ತೆಯಾಚೆಗೆ ಚೆನ್ನಾಗಿ ಕಾಣುವ ಹಾಗೆ ನೆಟ್ಟಗೆ ನಿಂತು, ಕತೆಯನ್ನು ಮತ್ತೆ ಮೊದಲನೇ ಪಟ್ಟಿಯಿಂದ ಹೇಳತೊಡಗಿದಳು.