ಅಂಟಿಕೊಂಡ ಗಾಳಿಗುಳ್ಳೆ

ಉಚ್ಚೆಂಗೆಪ್ಪ ನನ್ನ ಪಕ್ಕೆಗೆ ಚಾಕು ಒತ್ತಿದ.

"ಡಾಕ್ಟ್ರು ಹೆಸರು ಕೇಳಿದ್ರ ಏನಂತೀ?"

"ಮರಿಬಸಪ್ಪ. ಸಿರುಗುಪ್ಪ. ರೈಸ್ ಮಿಲ್ ಮಾಲಕ."

"ಶಾಣ್ಯಾ! ನಡಿ ಒಳಗ."

ನಾನು ಎರ್ರಣ್ಣ, ಸ್ವಾಮೀ. ಬಳ್ಳಾರಿಯಲ್ಲಿ ಆಗದ ಕೆಲಸ ಆಗಿಸಿಕೊಡುವವನು. ಆದರೆ ಇನ್ನೊಬ್ಬನ ಎದೆಗೆ ಬದಲಾಗಿ ನನ್ನ ಎದೆ ತೋರಿಸುವ ಕೆಲಸ... ಅದೇ ಮೊದಲು!

ಎಂಬತ್ತೆಂಟನೇ ಇಸವಿ. ಐವತ್ತು ದಾಟಿದ ಮರಿಬಸಪ್ಪನಿಗೆ ಕುರುಗೋಡಿನ ಇಪ್ಪತ್ತರ ಕೊಟ್ರಬಸಮ್ಮ ಬೇಕಾಗಿದ್ದಳು. ಹುಡುಗಿ ಒಲ್ಲೆನೆಂದು ಊಟ ಬಿಟ್ಟಳು. ಸೋದರಮಾವಂದಿರು ಕಿವಿಗೇ ಹಾಕಿಕೊಳ್ಳಲಿಲ್ಲ. ತಾಯಿ ಗುರುಬಸಮ್ಮ ಮಾತ್ರ ಪಟ್ಟು ಹಿಡಿದಳು. ಆಕೆಯ ಗಂಡ ಉಣ್ಣುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿದ್ದ.

"ಮೊದಲ ಎದಿ ತೋರಿಸ್ಕೊಂಡು ಬರ್ಲಿ. ಆಮ್ಯಾಲ ಮಾತು."

ಡಾಕ್ಟರನ್ನೂ ಆಕೆಯೇ ಗೊತ್ತು ಮಾಡಿದ್ದಳು. ಮರಿಬಸಪ್ಪನಿಗೋ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅದಕ್ಕೇ ಕಲ್ಲಿನಂಥ ನಾನು! ಒಲ್ಲೆ ಎಂದೆ. ಅದಕ್ಕೇ ಮರಿಬಸಪ್ಪನ ಆಳು ಉಚ್ಚೆಂಗೆಪ್ಪನ ಚಾಕು.

ಪಾರ್ವತಿನಗರದ ಡಾಕ್ಟರ್ ಮಧುಸೂದನ ಮಿಲ್ ಮಾಲಕನ ಮುಖ ಕಂಡವರಲ್ಲ. ಎದೆಯೊಳಗನ್ನು ಪರದೆಯ ಮೇಲೆ ತೋರಿಸುವ ಹೊಸ ಮಷೀನ್ ಮದರಾಸಿನಿಂದ ತಂದಿದ್ದರು. ಸಿರಿಂಜಿನಲ್ಲಿ ನೊರೆನೀರು ಕುಲುಕಿ ನನ್ನ ಕೈನರಕ್ಕೆ ಚುಚ್ಚಿದರು. ಪರದೆಯ ಮೇಲೆ ಬಿಳಿ ಚುಕ್ಕೆಗಳು ಓಡಿದವು.

"ಇವು ಗಾಳಿಗುಳ್ಳೆ. ರಕ್ತನಾಳದ ಒಳಪದರ ನುಣ್ಣಗಿದ್ರ ಜಾರಿ ಹೋಗ್ತಾವ. ಗಾಯ ಆದಲ್ಲಿ ಅಂಟ್ಕೋತಾವ."

ಅಂಟಿಕೊಂಡವು!

"ಸಿಗರೇಟು ಎಷ್ಟು ಸೇದ್ತೀರಿ, ಮರಿಬಸಪ್ಪನವರ?"

"ದಿನಕ್ಕ ಮೂರು ಪ್ಯಾಕ್..."

ಡಾಕ್ಟರ್ ಔಷಧಿ ಚೀಟಿ ಬರೆದು ನನ್ನ ಕೈಗಿತ್ತರು. ಕುರುಗೋಡಿಗೆ ಫೋನ್ ಹಚ್ಚಿದರು.

"ಗುರುಬಸಮ್ಮನವರ? ಮರಿಬಸಪ್ಪನವರ ಹೃದಯದ ನಾಳ ಹಾಳಾಗ್ಯಾವ. ಮದುವಿ ಮಾತು ಬಿಡ್ರಿ."

ಉಚ್ಚೆಂಗೆಪ್ಪ ಫೋನಿನತ್ತ ಕೈ ಚಾಚಿದ. ಹಿಂದಕ್ಕೆಳೆದುಕೊಂಡ. ಇದು ನಮ್ಮ ಸಾಹುಕಾರನ ಎದೆಯಲ್ಲ ಎಂದರೆ ಮೋಸ ಬಯಲು! ಕಳ್ಳನಿಗೆ ಚೇಳು ಕುಟುಕಿದ ಹಾಗಾಗಿತ್ತು.

ನಾನು ಬಾಗಿಲು ದಾಟಿ ಓಟ ಕಿತ್ತೆ. ಹಿಂದೆಯೇ ಅವನು. ಚಾಕು ಬಿಚ್ಚಿಕೊಂಡು!

ತಿರುವಿನಲ್ಲಿ ಎದೆ ಬಿಗಿಯಿತು. ಲೈಟ್ ಕಂಬ ಹಿಡಿದು ನಿಂತೆ. ನಿಜ ಹೇಳುತ್ತೇನೆ, ಚಾಕುವಿಗೆ ಹೆದರದವನು ಅವತ್ತು ನನ್ನ ಎದೆಗೇ ಹೆದರಿದೆ.

"ಓಡಬ್ಯಾಡಲೇ!" ಉಚ್ಚೆಂಗೆಪ್ಪನೇ ಗಾಬರಿಯಾಗಿ ಕೂಗಿದ. "ಸತ್ತೀ ಗಿತ್ತೀ! ಡಾಕ್ಟ್ರು ಹೇಳಿದ್ದು ಕೇಳಿಲ್ಲೇನು?"

ಚಾಕು ಮಡಚಿದ. ಅಂಗಡಿಯಿಂದ ಸೋಡಾ ತಂದು ಕುಡಿಸಿದ.

ಕೊಟ್ರಬಸಮ್ಮ ಅವತ್ತು ಹೊಟ್ಟೆ ತುಂಬ ಉಂಡಳಂತೆ. ಈಗ ಸಾಲಿ ಟೀಚರ್. ಮರಿಬಸಪ್ಪನ ಏದುಸಿರು ಬರೀ ಬೊಜ್ಜಿನದು. ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾನೆ.

ಔಷಧಿ ಚೀಟಿಯಲ್ಲಿ ಇರುವುದು ಅವನ ಹೆಸರು. ಮಾತ್ರೆ ನುಂಗುತ್ತಿರುವವನು ನಾನು!